ದಂಡೆ ಕಾಣದ ನೀರಿನ ಮೇಲೆ

ಫ್ರಾನ್ಸಿನ ಈ ಕಡಲೂರಿಗೆ ಬಂದ ಎರಡನೆಯ ದಿನ ಮಧ್ಯಾಹ್ನ ಕಿಟಕಿ ತೆರೆದರೆ ಸಮುದ್ರವೇ ಇರಲಿಲ್ಲ. ಬೆಳಿಗ್ಗೆ ಮನೆಯೆದುರಿನ ಕಟ್ಟೆಗೆ ಬಡಿಯುತ್ತಿದ್ದ ನೀರು ಕಣ್ಣಿಗೆ ನಿಲುಕದಷ್ಟು ದೂರ ಸರಿದಿತ್ತು. ದೋಣಿಗಳು ಕೆಸರಿನಲ್ಲಿ ಮಗ್ಗುಲಾಗಿ ಬಿದ್ದಿದ್ದವು. ಮನೆಯೊಡತಿ ಇವೊನ್ ‘ಮಾರೆ’ ಎಂದರು. ಉಬ್ಬರವಿಳಿತಕ್ಕೆ ಇಲ್ಲಿನ ಹೆಸರು ಅದು. ಹೋದ ನೀರು ಆರು ತಾಸಿನಲ್ಲಿ ಮರಳುತ್ತದೆ, ಆಗ ಮರಳಿನ ಮೇಲೆ ಇರಬೇಡ ಎಂದು ಕೈಸನ್ನೆಯಲ್ಲೇ ಎಚ್ಚರಿಸಿದರು. ಬೇಸಿಗೆಗೆ ಇಳಿದು ಮಳೆಗಾಲಕ್ಕೆ ಏರುವ ಹೊಳೆಯನ್ನು ಬಲ್ಲವಳು ನಾನು. ದಿನಕ್ಕೆರಡು ಸಲ ಹೋಗಿ ಬರುವ ನೀರನ್ನು ನಂಬುವುದು ಹೇಗೆ?

ನನ್ನ ಅಪ್ಪ ಐರಣಿಯಲ್ಲಿ ಹರಗೋಲು ನಡೆಸುತ್ತಾನೆ. ನನಗೆ ಎಂಟು ವರ್ಷವಿದ್ದಾಗ ತುಂಬಿದ ತುಂಗಭದ್ರೆಯಲ್ಲಿ ಹರಗೋಲು ಮಗುಚಿತ್ತು. ಅಪ್ಪ ಜಡೆ ಹಿಡಿದು ಎಳೆದುಕೊಂಡದ್ದರಿಂದ ಉಳಿದೆ. ಅಂದಿನಿಂದ ನೀರೆಂದರೆ ಅಂಜಿಕೆ. ಅಂಥವಳಿಗೆ ಇಲ್ಲಿನ ಪ್ರಯೋಗಾಲಯದಲ್ಲಿ ಸಿಕ್ಕಿದ್ದು ಸಮುದ್ರದ ಬ್ಯಾಕ್ಟೀರಿಯಾಗಳ ಕೆಲಸ.

ಬಿಸಿಲನ್ನೇ ಉಂಡು ಬದುಕುವ ಈ ಜೀವಿಗಳು ಸೂಕ್ಷ್ಮದರ್ಶಕದಲ್ಲಿ ಒಂದೇ ಅಚ್ಚಿನ ಚುಕ್ಕಿಗಳು. ವಂಶವಾಹಿಗಳನ್ನು ಓದಿದರೆ ಮಾತ್ರ ಭೇದ ತಿಳಿಯುತ್ತದೆ. ಮೇಲಿನ ನೀರಿನವು ಪ್ರಖರ ಬೆಳಕು ತಾಳುತ್ತವೆ. ಆಳದವು ಮಬ್ಬು ಬೆಳಕಿಗೇ ಒಗ್ಗಿದವು. ಗಾಜಿನ ಕುಪ್ಪಿಗಳಲ್ಲಿ ಅವನ್ನು ಬೆಳೆಸುವುದು ನನ್ನ ಪಾಲಿನ ಕೆಲಸ.

ಚಳಿಗಾಲದಲ್ಲೊಮ್ಮೆ ಕಪಾಟು ಒರೆಸುವಾಗ ಆಳದ ಜೀವಿಗಳ ಕುಪ್ಪಿಗಳನ್ನು ಮೇಲಿನವುಗಳ ಪ್ರಖರ ದೀಪದ ಕೆಳಗೆ ಇಟ್ಟು ಮರೆತೆ. ನಾಲ್ಕನೆಯ ದಿನ ನೋಡಿದರೆ ತಿಳಿಹಸಿರು ಹೋಗಿ ಬರೀ ನೀರು ಉಳಿದಿತ್ತು. ಕುಪ್ಪಿಗಳ ಮೇಲಿನ ಹೆಸರಿನ ಚೀಟಿ ಬದಲಿಸಿ ತಪ್ಪು ಮುಚ್ಚಿಬಿಡಲೇ ಎಂಬ ಯೋಚನೆಯೂ ಬಂತು. ಎರಡು ದಿನ ಯಾರಿಗೂ ಹೇಳಲಿಲ್ಲ. ಇವೊನ್ ಕಪ್ಪು ಹಿಟ್ಟಿನಲ್ಲಿ ಮಾಡಿಕೊಟ್ಟ ‘ಗಲೆತ್’ ಎಂಬ ದೋಸೆಯನ್ನೂ ಅರ್ಧಕ್ಕೇ ಬಿಟ್ಟೆ. ಮೂರನೆಯ ದಿನ ಪ್ರಯೋಗಾಲಯದ ಹಿರಿಯ ಮಿಶೆಲ್ ಎದುರು ನಿಂತು ಎಲ್ಲ ಹೇಳಿದೆ. ಊರಿಗೆ ಕಳಿಸುತ್ತಾರೆಂದುಕೊಂಡಿದ್ದೆ. ಆತ ಖಾಲಿ ಕುಪ್ಪಿಯನ್ನು ಬೆಳಕಿಗೆ ಹಿಡಿದು ನೋಡಿ, ಮುಂದಿನ ವಾರ ಹಡಗು ಹೊರಡುತ್ತದೆ, ನೀನೇ ಹೋಗಿ ಆಳದ ನೀರು ತಾ ಎಂದ. ಊರಿಗೆ ಕಳಿಸಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಐರಣಿಯ ಅಂಗಡಿಯೊಂದಕ್ಕೆ ಆಗತಾನೇ ಫೋನ್ ಬಂದಿತ್ತು. ಅಪ್ಪನನ್ನು ಕರೆಸಿ, ನನ್ನಿಂದ ಆಗುವುದಿಲ್ಲ ಎಂದೆ.

“ಅಂಜೂದು ತಪ್ಪಲ್ಲವ್ವಾ,” ಎಂದ ಅಪ್ಪ. “ನೀರಿಗೆ ಅಂಜದವನ ಕೈಯಾಗ ನಾ ಎಂದೂ ಹುಟ್ಟ ಕೊಟ್ಟಿಲ್ಲ. ನೀರ ನೋಡಬ್ಯಾಡ, ದಂಡಿ ನೋಡು.”

“ಅಲ್ಲಿ ದಂಡೀನ ಕಾಣೂದಿಲ್ಲಪ್ಪಾ.”

“ಹಂಗಾದ್ರ ನಿನ್ನ ಕೈಯಾಗಿನ ಕೆಲಸ ನೋಡು.”

ಹಡಗಿನಲ್ಲಿ ಮೂರು ದಿನ ವಾಂತಿ. ನಾಲ್ಕನೆಯ ದಿನ ಬೆಳಿಗ್ಗೆ, ಸುತ್ತ ನೀರಲ್ಲದೆ ಏನೂ ಇಲ್ಲದ ಕಡೆ, ಉಕ್ಕಿನ ಹಗ್ಗಕ್ಕೆ ಕಟ್ಟಿದ ಸೀಸೆಗಳನ್ನು ಆಳಕ್ಕೆ ಬಿಟ್ಟರು. ಅವು ಮೇಲೆ ಬಂದಾಗ ಹಡಗು ಓಲಾಡುತ್ತಿತ್ತು. ಕಂಬಿಗೆ ಬೆನ್ನು ಒತ್ತಿ, ಕಣ್ಣನ್ನು ಬೆರಳಿನ ಮೇಲೆಯೇ ಇಟ್ಟು ಸೀಸೆಗಳ ನೀರನ್ನು ಕುಪ್ಪಿಗಳಿಗೆ ಹಿಡಿದೆ. ಒಂದು ಹನಿಯೂ ಚೆಲ್ಲಲಿಲ್ಲ. ಅಂಜಿಕೆ ಹೋಗಲಿಲ್ಲ, ಕೆಲಸ ಆಯಿತು.

ಆ ನೀರಿನ ಜೀವಿಗಳು ಬದುಕಿದವು. ತಿಂಗಳುಗಳ ನಂತರ ವಂಶವಾಹಿ ಓದಿದಾಗ, ಒಂದೇ ಸೀಸೆಯಲ್ಲಿ ನಾವು ಎಣಿಸಿರದ ಹಲವು ಕುಲಗಳು ಕಂಡವು. ಮಿಶೆಲ್ ಆ ಹಾಳೆಯ ಮೇಲೆ ನನ್ನ ಹೆಸರನ್ನು ಕನ್ನಡದಲ್ಲಿ ಬರೆಯಲು ಹೇಳಿದ.

ಹೋದ ವರ್ಷ ಊರಿಗೆ ಹೋಗಿದ್ದೆ. ಮೂರನೆಯ ದಿನ ಕರೆಂಟು ಹೋಯಿತು. ಅವ್ವ ಕಂದೀಲು ಹುಡುಕುತ್ತಿದ್ದರೆ ನನಗೆ ತೋಚಿದ್ದು ಒಂದೇ: ಅಲ್ಲಿ ಪ್ರಯೋಗಾಲಯದಲ್ಲಿ ಕುಪ್ಪಿಗಳ ದೀಪ ಆರಿದ್ದರೆ? ಅಂಗಡಿಯ ಫೋನಿನಿಂದ ಹೊರದೇಶಕ್ಕೆ ಮಾತಾಡಲಾಗದು. ಮರುದಿನ ಬೆಳಿಗ್ಗೆಯೇ ರಾಣೆಬೆನ್ನೂರಿಗೆ ಬಸ್ಸು ಹಿಡಿದು ಮಿಶೆಲ್‌ಗೆ ಫೋನ್ ಮಾಡಿದೆ. ಎಲ್ಲವೂ ಸರಿಯಿತ್ತು.

ಈಗ ಮತ್ತೆ ಇಲ್ಲಿದ್ದೇನೆ. ಹೊಳೆ ಏರಿದೆ, ಅಂಗಡಿಯ ಫೋನು ಕೆಟ್ಟಿದೆ, ಅಪ್ಪ ಮಾತು ಕೇಳದೆ ಹರಗೋಲು ಇಳಿಸುತ್ತಿದ್ದಾನೆ ಎಂದು ಅವ್ವ ಬರೆಸಿದ್ದಾಳೆ. ಪತ್ರ ಇಲ್ಲಿಗೆ ಬರಲು ಹದಿನೈದು ದಿನ ಬೇಕು. ಅಷ್ಟರಲ್ಲಿ ಹೊಳೆ ಇಳಿದಿರುತ್ತದೆ ಎಂಬುದು ಗೊತ್ತು. ಆದರೂ ನನ್ನ ಪಾಲಿಗೆ, ನಾನು ಓದಿದ ದಿನವೇ ಅದು ಏರುತ್ತದೆ.