ಹಾಕ್ಲಾ ಎಂದು ಕೂಗಿದವನು

ನನ್ನ ಅಣ್ಣ ತಗಡು ಒತ್ತುವ ಪ್ರೆಸ್ ಶೆಡ್ಡಿನ ಫಿಟ್ಟರ್. ಅಪ್ಪ ಹೋದ ಮೇಲೆ ನನ್ನನ್ನು ಸಾಕಿ, ಕೈಗೆ ಸ್ಪ್ಯಾನರ್ ಕೊಟ್ಟು, ಅದೇ ಶೆಡ್ಡಿಗೆ ಸೇರಿಸಿದವನು. ಪಂಪುಗಳ ಕಿರುಚಾಟದಲ್ಲೇ ವಯಸ್ಸು ಕಳೆದು ಅವನ ಕಿವಿ ಕೈಕೊಟ್ಟಿತ್ತು. ಕೆಟ್ಟ ಪಂಪಿನ ಮೇಲೆ ಅಂಗೈ ಇಟ್ಟರೆ ಸಾಕು, ರೋಗ ಹೇಳಿಬಿಡುತ್ತಿದ್ದ. ಮನುಷ್ಯರ ಮಾತು ಮಾತ್ರ ಬರೀ ಸದ್ದಾಗಿ ತಲುಪುತ್ತಿತ್ತು. ಯಾರು ಏನೇ ಅಂದರೂ ಮುಖ ನೋಡಿ ಹೂಂಗುಟ್ಟುತ್ತಿದ್ದ. "ಹಾಲು ಉಕ್ತಿದೆ ನೋಡ್ರೀ" ಎಂದು ಅತ್ತಿಗೆ ಬಾಗಿಲಿಗೆ ಬಂದು ಕೂಗಿದರೆ, "ಹೂಂ, ನಾಳೆ ನೋಡೋಣ" ಎನ್ನುವ ಆಸಾಮಿ. ಮನೆಯಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆವು. ಶೆಡ್ಡಿನಲ್ಲಿ ಅದು ನಗುವ ವಿಷಯವಲ್ಲ. ಕಿವಿ ಕೇಳದವನೆಂದು ಗೊತ್ತಾದರೆ ಅಂದೇ ಗೇಟಿನಾಚೆ. ಮನೆಯಲ್ಲಿ ಓದುವ ಅವನ ಇಬ್ಬರು ಹೆಣ್ಣುಮಕ್ಕಳು, ಮನೆ ನಡೆಯುತ್ತಿದ್ದದ್ದು ಅವನ ಸಂಬಳದಲ್ಲೇ.

ಶೆಡ್ಡಿನಲ್ಲಿ ಒಂದು ಕಟ್ಟುನಿಟ್ಟು ಇತ್ತು. ಸ್ವಿಚ್ ಬೋರ್ಡು ಪ್ರೆಸ್ಸಿನ ಹಿಂದೆ. ಅಲ್ಲಿ ನಿಂತವನಿಗೆ ಮುಂದಿರುವವನು ಕಾಣುವುದಿಲ್ಲ. ಹಾಗಾಗಿ ಅವನು "ಹಾಕ್ಲಾ?" ಎಂದು ಕೂಗಬೇಕು, ಮುಂದಿನವನು "ಹಾಕು" ಅನ್ನಬೇಕು. ಆಮೇಲೆಯೇ ಗುಂಡಿ ಒತ್ತುವುದು.

ಆ ದಿನ ದೊಡ್ಡ ಪ್ರೆಸ್ಸಿಗೆ ಎಣ್ಣೆಯ ಒತ್ತಡ ಕೊಡುವ ಸವೆದ ಪಂಪು ತೆಗೆದು ಹೊಸದನ್ನು ಕೂರಿಸುತ್ತಿದ್ದೆವು. ಪಂಪಿಲ್ಲದಾಗ ತಗಡಿನ ಮೇಲೆ ಇಳಿದು ಒತ್ತುವ ಭಾರದ ಉಕ್ಕಿನ ಹಲಗೆ ಜಾರಬಾರದೆಂದು ಮೊದಲೇ ಅದನ್ನು ಕಬ್ಬಿಣದ ಆಸರೆಯ ಮೇಲೆ ಇಳಿಸಿದ್ದೆವು. ಅಣ್ಣ ಹೊಸ ಪಂಪನ್ನು ಮೋಟಾರಿಗೆ ಜೋಡಿಸಿ, ಒಳಗೆ ಎಣ್ಣೆ ತುಂಬಿ, ಮಗುವಿನ ಬೆನ್ನು ತಟ್ಟುವ ಹಾಗೆ ಅದನ್ನು ತಟ್ಟಿ, ಸ್ವಿಚ್ಚಿನ ಕಡೆ ಹೋದ. ಆಗಲೇ ನನ್ನ ಕಣ್ಣಿಗೆ ಬಿದ್ದದ್ದು: ಆಸರೆ ವಾಲಿತ್ತು. ಹಲಗೆಯನ್ನು ಇಳಿಸಿದ ಲಿವರ್ ಇನ್ನೂ ಇಳಿಸುವ ಕಡೆಗೇ ಇತ್ತು. ಮೋಟಾರು ತಿರುಗಿದರೆ ಹಲಗೆ ಕೆಳಕ್ಕೇ ಒತ್ತುತ್ತದೆ; ಮೊದಲು ಲಿವರನ್ನು ನಡುವಿಗೆ ತರಬೇಕಿತ್ತು. ಆದರೆ ಉತ್ತರ ಕೊಡುವ ತನಕ ಮೋಟಾರು ತಿರುಗುವುದಿಲ್ಲ ಎಂಬ ಧೈರ್ಯದಲ್ಲಿ, ಸ್ವಿಚ್ಚಿನ ಹತ್ತಿರ ಇರುವುದು ಅಣ್ಣ ಎಂಬುದನ್ನೇ ಮರೆತು, ಆಸರೆ ಸರಿಪಡಿಸಲು ಕೈ ಹಾಕಿದೆ.

"ಹಾಕ್ಲಾ?"

"ಬೇಡ! ತಡಿ ಅಣ್ಣಾ, ತಡಿ!"

ಮೋಟಾರು ಗುಂಯ್ ಎಂದಿತು. ಆಸರೆ ಸಿಡಿದು ದೂರ ಬಿತ್ತು. ಹಲಗೆ ಇಳಿಯಿತು.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಬಲಗೈ ಮಣಿಕಟ್ಟಿಗೇ ಮುಗಿದಿತ್ತು. ಮಂಚದ ಒಂದು ಪಕ್ಕ ಅಣ್ಣ, ಇನ್ನೊಂದು ಪಕ್ಕ ಮೇಸ್ತ್ರಿ. ಮೇಸ್ತ್ರಿ ಏನು ಕೇಳಲು ಬಂದಿದ್ದಾನೆಂದು ಅಣ್ಣನಿಗೆ ಕೇಳಿಸದೆಯೇ ಗೊತ್ತಿತ್ತು. ತಾನೇ ಶುರು ಮಾಡಿದ.

"ಇವನು ಹಾಕು ಅಂದ ಸಾರ್. ನನ್ನ ಕಿವಿಯಾರೆ ಕೇಳಿದೀನಿ. ಮಕ್ಕಳಾಣೆ."

ಮೈ ಉರಿದುಹೋಯಿತು. ಅವನ ಮುಖ ನೋಡಿದೆ. ಸುಳ್ಳು ಹೇಳುವಾಗ ಅವನ ಕಣ್ಣು ನೆಲ ನೋಡುತ್ತದೆ, ನನಗೆ ಗೊತ್ತು. ಆಗ ನೇರವಾಗಿತ್ತು. ಅವನಿಗೆ ನಿಜವಾಗಿಯೂ ಹಾಗೆಯೇ ಕೇಳಿಸಿತ್ತು. ಅದನ್ನು ಕಂಡು ನನಗೆ ಕೈ ಹೋದದ್ದಕ್ಕಿಂತ ಹೆಚ್ಚು ಭಯವಾಯಿತು. ಸುಮ್ಮನಿದ್ದರೆ ಅವನ ಕೆಲಸ ಉಳಿಯುತ್ತದೆ, ನಾಳೆ ಇನ್ನೊಬ್ಬನಿಗೂ ಅವನು ಹೀಗೇ ಕೂಗುತ್ತಾನೆ.

"ಹೌದೇನೋ?" ಮೇಸ್ತ್ರಿ ಕೇಳಿದ.

ನಾನು ಮೇಸ್ತ್ರಿಯ ಕಡೆ ತಿರುಗಿದೆ. "ಇಲ್ಲ ಸಾರ್. ಬೇಡ, ತಡಿ ಅಂತ ಕೂಗಿದೆ. ಅಣ್ಣಂಗೆ ಕಿವಿ ಕೇಳಲ್ಲ."

ಮೇಸ್ತ್ರಿ ತಲೆ ತಗ್ಗಿಸಿದ. ಅಣ್ಣ ಆ ಪಕ್ಕದಿಂದ ನನ್ನ ದವಡೆ ಅಲ್ಲಾಡಿದ್ದನ್ನಷ್ಟೇ ಕಂಡಿದ್ದ.

"ನೋಡಿ ಸಾರ್, ಅವನೇ ಹೇಳ್ತಿದಾನಲ್ಲ" ಎಂದು ನನ್ನ ತಲೆ ಸವರಿದ.