ಆರು ಗಂಟೆ ಹನ್ನೆರಡು ನಿಮಿಷಕ್ಕೆ ನಡೆದವರು ಯಾರು

ಬೆಳಿಗ್ಗೆ ಆರು ಗಂಟೆ ಹನ್ನೆರಡು ನಿಮಿಷ.

ಆಸ್ಪತ್ರೆಯ ಕಾಗದದಲ್ಲಿ ಹಾಗೆಂದು ಬರೆದಿದ್ದರು. ನಮ್ಮನೆಯವರು ಸರಿಯಾಗಿದ್ದ ಕೊನೆಯ ಹೊತ್ತು ಅದು, ಕೆಟ್ಟಿದ್ದು ಅಲ್ಲಿಂದಾಚೆಗೆ ಎಂದು. ಅದು ಸುಳ್ಳು ಎಂದು ಆ ಕೋಣೆಯಲ್ಲಿ ಬಾಯಿ ಬಿಟ್ಟು ಹೇಳಬಲ್ಲವಳು ನಾನೊಬ್ಬಳೇ. ಹಾಗಾದರೆ ಸರಿಯಾದ ಹೊತ್ತು ಯಾವುದು ಎಂದು ಕೇಳಿದರೆ, ಮೂರು ತಿಂಗಳಾದ ಮೇಲೂ ನನ್ನ ಬಳಿ ಉತ್ತರವಿಲ್ಲ.

ನಮ್ಮದು ಕುಂದಾಣದ ಹತ್ತಿರದ ಹಳ್ಳಿ. ನಮ್ಮನೆಯವರ ಹೆಸರು ಮುನಿರಾಜು, ನಲವತ್ತಾರು ವರ್ಷ. ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಮೆಷಿನ್ ಆಪರೇಟರ್. ಎಂಟು ಗಂಟೆ ಒಂದೇ ಜಾಗದಲ್ಲಿ ನಿಲ್ಲುವ ಕೆಲಸ. ನಾನು ಬಿ.ಕಾಂ. ಓದಿದ್ದೇನೆ. ಮನೆಯಲ್ಲಿ ಎರಡು ಹಸುಗಳಿವೆ. ದಿನಾ ಮುಂಜಾನೆ ಹಾಲಿನ ಕ್ಯಾನ್ ಹಿಡಿದು ಡೇರಿಗೆ ನಡೆದು ಹೋಗಿ ಬರುತ್ತೇನೆ. ಹೋಗಿ ಬರಲು ಮೂರು ಸಾವಿರ ಹೆಜ್ಜೆ. ಇದು ನನಗೆ ಗೊತ್ತಾದದ್ದು ಆ ಬ್ಯಾಂಡಿನಿಂದ.

ಹೋದ ವರ್ಷ ಕಾರ್ಖಾನೆಯಲ್ಲಿ ಎಲ್ಲರಿಗೂ ಕೈಗೆ ಕಟ್ಟುವ ಆ ಬ್ಯಾಂಡ್ ಕೊಟ್ಟರು. ಹೆಜ್ಜೆ ಎಣಿಸುತ್ತದೆ, ಎದೆಬಡಿತ ನೋಡುತ್ತದೆ, ಮಲಗಿದಾಗಲೂ ಕೈಯಲ್ಲಿರಬೇಕು. ದಿನಕ್ಕೆ ಏಳು ಸಾವಿರ ಹೆಜ್ಜೆಯಂತೆ ಒಂದು ವರ್ಷ ನಡೆದರೆ ಕಂಪನಿಯ ಆರೋಗ್ಯ ವಿಮೆಯಲ್ಲಿ ತಂದೆತಾಯಿಯನ್ನೂ ಸೇರಿಸುತ್ತಾರೆ. ನಮ್ಮತ್ತೆಗೆ ಎರಡು ಮಂಡಿಯೂ ಸವೆದಿವೆ, ಆಪರೇಷನ್ ಆಗಬೇಕು. ನಮಗೆ ಬೇಕಿದ್ದದ್ದು ಅದೊಂದೇ.

ಬ್ಯಾಂಡ್ ಶುರುವಾಗಬೇಕಾದರೆ ಫೋನಿನಲ್ಲಿ ಕರಾರು ಒಪ್ಪಬೇಕಿತ್ತು. ಇಂಗ್ಲಿಷಿನಲ್ಲಿ, ಮುಗಿಯದಷ್ಟು ಉದ್ದ. "ನೀನು ಓದಿದೋಳು, ನೋಡು" ಎಂದು ನನ್ನ ಕೈಗೆ ಕೊಟ್ಟರು. ಒಲೆಯ ಮೇಲೆ ಮುದ್ದೆಗೆ ಎಸರು ಕುದಿಯುತ್ತಿತ್ತು. ಹೆಬ್ಬೆರಳಿನಲ್ಲಿ ಸರಸರನೆ ಕೆಳಕ್ಕೆ ತಳ್ಳಿ, ಒಪ್ಪಿದ್ದೇನೆ ಎನ್ನುವುದನ್ನು ಒತ್ತಿದೆ. ಆಮೇಲೆ ಹಿಟ್ಟು ಹಾಕಿದೆ.

ಮೊದಲ ತಿಂಗಳು ಅವರೇ ನಡೆದರು. ಶಿಫ್ಟ್ ಮುಗಿಸಿ ಬಂದು ಅಂಗಳದಲ್ಲಿ ಸುತ್ತು ಹಾಕುತ್ತಿದ್ದರು. ಒಂದು ದಿನ ಬ್ಯಾಂಡನ್ನು ಮನೆಯಲ್ಲೇ ಮರೆತು ಹೋದರು. ಲೆಕ್ಕ ತಪ್ಪಬಾರದೆಂದು ನಾನು ಕಟ್ಟಿಕೊಂಡು ಡೇರಿಗೆ, ಹೊಲಕ್ಕೆ ಓಡಾಡಿದೆ. ಸಂಜೆಗೆ ಒಂಬತ್ತು ಸಾವಿರ. ಅವರು ನಕ್ಕುಬಿಟ್ಟರು.

"ನಾನ್ಯಾಕೆ ಸಾಯ್ಬೇಕು? ಕಾಲು ನಿಂದು, ಹೆಸರು ನಂದು. ಆಯ್ತಲ್ಲ!"

"ತಪ್ಪಲ್ವೇನ್ರೀ?"

"ನಮ್ ಶಿಫ್ಟಲ್ಲಿ ಅರ್ಧ ಜನದ ಬ್ಯಾಂಡು ಹೆಂಡ್ತೀರ ಕೈಲೇ ಇರೋದು ಕಣೇ."

ಆಮೇಲೆ ಅದೇ ಅಭ್ಯಾಸವಾಯಿತು. ಮುಂಜಾನೆ ಮಲಗಿರುವವರ ಎಡಗೈಯಿಂದ ಬಿಚ್ಚಿ ನಾನು ಕಟ್ಟಿಕೊಳ್ಳುವುದು, ಅವರು ಕೆಲಸಕ್ಕೆ ಹೊರಟಾಗ ವಾಪಸ್ ಕೊಡುವುದು. ಅತ್ತೆ ಅದನ್ನು ಬಳೆ ಎನ್ನುತ್ತಿದ್ದರು. "ಗಂಡನ ಬಳೆ ಹೆಂಡ್ತಿ ತೊಟ್ಕೊಂಡು ಹೊಂಟ್ಲು ನೋಡು" ಎಂದು ಜಗಲಿಯಲ್ಲಿ ಕೂತು ಹಂಗಿಸುತ್ತಿದ್ದರು. ಹತ್ತು ತಿಂಗಳು ಹೀಗೆ ನಡೆಯಿತು. ವರ್ಷ ತುಂಬಲು ಇನ್ನೊಂದೇ ತಿಂಗಳಿತ್ತು.

ಆ ವಾರ ಅವರದು ಸೆಕೆಂಡ್ ಶಿಫ್ಟ್. ಆ ರಾತ್ರಿ ಕಂಪನಿ ಬಸ್ಸಿನಲ್ಲಿ ಬಂದು ಮನೆ ಸೇರುವಾಗ ಹನ್ನೆರಡಾಗಿತ್ತು. ಉಂಡರು. ಸಾರಿಗೆ ಉಪ್ಪು ಕಮ್ಮಿ ಎಂದರು. ಮಲಗಿದರು.

ಐದೂ ಮುಕ್ಕಾಲಿಗೆ ನಾನು ಅವರ ಕೈಯಿಂದ ಬ್ಯಾಂಡ್ ಬಿಚ್ಚಿದೆ.

ಇಲ್ಲಿಗೆ ಬಂದರೆ ನಾನು ನಿಂತುಬಿಡುತ್ತೇನೆ. ಆ ಕೈ ಭಾರವಾಗಿತ್ತೇ? ನಿದ್ದೆಯಲ್ಲಿರುವ ಯಾರ ಕೈಯಾದರೂ ಭಾರವೇ ಅಲ್ಲವೇ? ಬಿಚ್ಚುವಾಗ ದಿನಾ "ಹ್ಞೂಂ" ಎನ್ನುತ್ತಿದ್ದರು. ಅವತ್ತು ಅಂದರೋ, ನನ್ನ ಕಿವಿಯಲ್ಲಿರುವುದು ಹಿಂದಿನ ದಿನದ ಹ್ಞೂಂಕಾರವೋ? ಒಂದೇ ಥರದ ಮುನ್ನೂರು ಬೆಳಗುಗಳಲ್ಲಿ ಒಂದನ್ನು ಬೇರೆ ಮಾಡಿ ತೆಗೆಯಲು ನನ್ನಿಂದ ಆಗುತ್ತಿಲ್ಲ. ನಾನು ಅವರ ಮುಖ ನೋಡಲಿಲ್ಲ. ಕತ್ತಲಿತ್ತು. ಹುಕ್ ಎಲ್ಲಿದೆ ಎಂದು ಬೆರಳಿಗೆ ಗೊತ್ತಿತ್ತು, ಕಣ್ಣಿನ ಅಗತ್ಯವೇ ಬೀಳಲಿಲ್ಲ.

ಡೇರಿಯಿಂದ ವಾಪಸ್ ಬಂದೆ. ಅಂಗಳದಲ್ಲಿ ಕ್ಯಾನ್ ತೊಳೆದೆ, ಹಸುಗಳಿಗೆ ಹುಲ್ಲು ಹಾಕಿದೆ. ಒಳಗೆ ಹೋದಾಗ ಆರೂವರೆ.

ಅವರು ಮಂಚದ ಪಕ್ಕ ನೆಲದ ಮೇಲೆ ಕೂತಿದ್ದರು. ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು, ಅದು ಯಾರದೋ ಕೈ ಎನ್ನುವ ಹಾಗೆ. ಇಟ್ಟದ್ದು ಜಾರಿ ಬೀಳುತ್ತಿತ್ತು. ಮತ್ತೆ ಎತ್ತಿ ಇಡುತ್ತಿದ್ದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಏನೋ ಹೇಳಿದರು. ಬಾಯಿ ತುಂಬ ಮುದ್ದೆ ಇಟ್ಟುಕೊಂಡು ಮಾತಾಡಿದ ಹಾಗಿತ್ತು.

ಪಕ್ಕದ ಮನೆಯಲ್ಲೇ ಇರುವ ಮೈದುನ ಚಂದ್ರು ಕಾರು ತಂದ. ಹಿಂದಿನ ಸೀಟಿನಲ್ಲಿ ಅವರ ತಲೆ ನನ್ನ ಭುಜದ ಮೇಲಿತ್ತು. ದಾರಿಯಲ್ಲಿ ನಾನೊಂದು ಕೆಲಸ ಮಾಡಿದೆ. ನನ್ನ ಕೈಯಲ್ಲಿದ್ದ ಬ್ಯಾಂಡ್ ಬಿಚ್ಚಿ ಅವರ ಎಡಗೈಗೆ ಕಟ್ಟಿದೆ. ಬೇರೆಯವರ ಕೈಯಲ್ಲಿ ಬ್ಯಾಂಡ್ ಸಿಕ್ಕಿಬಿದ್ದರೆ ವಿಮೆ ಪೂರ್ತಿ ಹೋಗುತ್ತದೆ, ಆಸ್ಪತ್ರೆಗೆ ಸೇರಿಸಿಕೊಳ್ಳುವುದೂ ಇಲ್ಲ ಎಂದು ಅವರ ಶಿಫ್ಟಿನಲ್ಲಿ ಮಾತಿತ್ತು. ಆ ಗಾಬರಿಯಲ್ಲಿ ನನಗೆ ನೆನಪಾದದ್ದು ಅದು. ದೇವರಲ್ಲ, ಅದು.

ದೇವನಹಳ್ಳಿಯ ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಆಯಿತು. ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸ್ಟ್ರೋಕ್ ಎಂದರು. "ಬ್ಲೀಡ್ ಇಲ್ಲ, ಕ್ಲಾಟ್ ಆಗಿದೆ. ಅದನ್ನ ಕರಗಿಸೋ ಇಂಜೆಕ್ಷನ್ ಇದೆ. ಆದ್ರೆ ಶುರುವಾಗಿ ನಾಲ್ಕೂವರೆ ಗಂಟೆ ಒಳಗೆ ಕೊಡ್ಬೇಕು. ಅದು ದಾಟಿದ್ರೆ ತಲೆ ಒಳಗೆ ಬ್ಲೀಡ್ ಆಗೋ ರಿಸ್ಕ್ ಜಾಸ್ತಿ. ಸರಿಯಾಗಿದ್ದಿದ್ದನ್ನ ಕೊನೇ ಸಲ ಯಾರು ನೋಡಿದ್ರಿ? ಎಷ್ಟೊತ್ತಿಗೆ?"

ನಾನು ಬಾಯಿ ತೆರೆಯುವುದರೊಳಗೆ ಚಂದ್ರು ಅಣ್ಣನ ಫೋನ್ ಮುಂದೆ ಹಿಡಿದ. ಬ್ಯಾಂಡಿನ ವಿಷಯ ಅವನಿಗೆ ಗೊತ್ತಿರಲಿಲ್ಲ. "ಇಲ್ನೋಡಿ ಮೇಡಂ, ಇದ್ರಲ್ಲೇ ಐತೆ. ಬೆಳಿಗ್ಗೆ ವಾಕಿಂಗ್ ಹೋಗವ್ರೆ. ಆರು ಹನ್ನೆರಡಕ್ಕೆ ಮುಗ್ಸವ್ರೆ. ಹಾರ್ಟ್‌ಬೀಟೂ ಐತೆ."

"ಗುಡ್" ಎಂದರು ಡಾಕ್ಟರು. ಅವರ ಮುಖದಲ್ಲಿ ಸಮಾಧಾನ ಕಂಡಿತು. ಎಲ್ಲರೂ ಓಡಾಡತೊಡಗಿದರು. ನರ್ಸ್ ಇಂಜೆಕ್ಷನ್ನಿನ ಪುಟ್ಟ ಪೆಟ್ಟಿಗೆ ತಂದಿಟ್ಟರು. ನನ್ನ ಕೈಗೆ ಒಪ್ಪಿಗೆ ಪತ್ರ ಬಂತು, ಪೆನ್ನೂ ಬಂತು.

"ಬೇಗ ಸೈನ್ ಮಾಡಿ ಅಮ್ಮ."

ಅವತ್ತು ನಾನು ಓದಿದೆ. ಯಾಕೆಂದು ಗೊತ್ತಿಲ್ಲ. ಓದಲೇಬೇಕಿದ್ದ ದಿನ ಓದದವಳು, ಎಲ್ಲರೂ ಬೇಗ ಬೇಗ ಎನ್ನುತ್ತಿದ್ದಾಗ ಒಂದೊಂದೇ ಸಾಲು ಓದಿದೆ. ಮಧ್ಯದಲ್ಲಿ ಪೆನ್ನಿನಿಂದ ತುಂಬಿಸಿದ್ದರು: ರೋಗಿ ಸರಿಯಾಗಿದ್ದ ಕೊನೆಯ ಸಮಯ, 6.12. ಅದರ ಕೆಳಗೆ, ಮೇಲಿನ ಮಾಹಿತಿ ನನಗೆ ತಿಳಿದಮಟ್ಟಿಗೆ ಸತ್ಯ.

ನಮ್ಮನೆಯವರು ಮಲಗಿದ್ದಲ್ಲಿಂದ ನನ್ನನ್ನೇ ನೋಡುತ್ತಿದ್ದರು. ಹೇಳು ಎನ್ನುವ ನೋಟವೋ ಬೇಡ ಎನ್ನುವ ನೋಟವೋ, ಅರ್ಧ ಮುಖದಲ್ಲಿ ತಿಳಿಯುವುದು ಹೇಗೆ? ಹೇಳದಿದ್ದರೆ ಇಂಜೆಕ್ಷನ್ ಸಿಗುತ್ತದೆ. ಅದು ಅವರನ್ನು ಎಬ್ಬಿಸಬಹುದು, ಕೊಲ್ಲಲೂಬಹುದು. ಹೇಳಿದರೆ ಇಂಜೆಕ್ಷನ್ ಇಲ್ಲ. ವಿಮೆಯೂ ಇಲ್ಲ, ಅತ್ತೆಯ ಮಂಡಿಯೂ ಇಲ್ಲ.

"ನಡೆದಿದ್ದು ನಾನು" ಎಂದೆ.

ಯಾರಿಗೂ ಅರ್ಥವಾಗಲಿಲ್ಲ.

"ಮೇಡಂ, ಆ ಬ್ಯಾಂಡ್ ನನ್ನ ಕೈಲಿತ್ತು. ಅದ್ರಲ್ಲಿರೋದು ನನ್ನ ಹೆಜ್ಜೆ. ಹಾರ್ಟ್‌ಬೀಟೂ ನಂದೇ. ಇವ್ರು ಮಲಗಿದ್ರು."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾಗದ ತೆಗೆದುಕೊಂಡು 6.12ರ ಮೇಲೆ ಗೆರೆ ಎಳೆದರು. "ಹಾಗಾದ್ರೆ ಕೊನೇ ಸಲ ಮಾತಾಡಿದ್ದು ಯಾವಾಗ?"

"ರಾತ್ರಿ ಹನ್ನೆರಡೂ ಕಾಲು."

"ಏನಂದ್ರು? ಮಾತು ಸರಿಯಾಗಿತ್ತಾ?"

"ಸಾರಿಗೆ ಉಪ್ಪು ಕಮ್ಮಿ ಅಂದ್ರು."

ಅವರು ಗಡಿಯಾರ ನೋಡಿದರು. ಏಳೂ ಮುಕ್ಕಾಲು. ಪೆಟ್ಟಿಗೆಯನ್ನು ನರ್ಸ್ ಒಳಗೆ ತೆಗೆದುಕೊಂಡು ಹೋದರು.

ಎಂ.ಆರ್.ಐ. ಮಾಡಿದರೆ ಎಷ್ಟು ಹೊತ್ತಾಗಿದೆ ಎಂದು ಅಂದಾಜು ಸಿಗಬಹುದು ಎಂದು ಆಂಬುಲೆನ್ಸಿನಲ್ಲಿ ಹೆಬ್ಬಾಳದ ಕಡೆಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿಯ ದೊಡ್ಡ ಡಾಕ್ಟರು ಪರದೆಯ ಮೇಲೆ ಬೆಳ್ಳಗಿದ್ದ ಜಾಗ ತೋರಿಸಿ, ಇದು ಈಗಿನದಲ್ಲ, ಆಗಿ ಎಷ್ಟೋ ಗಂಟೆಗಳಾಗಿವೆ ಎಂದರು. ಇಂಜೆಕ್ಷನ್ ಕೊಡಲಿಲ್ಲ. ಬೇರೆ ಔಷಧಿ ಶುರು ಮಾಡಿ ಐ.ಸಿ.ಯು.ಗೆ ಹಾಕಿದರು.

ಅಂದರೆ ನಾನು ಹುಕ್ ಬಿಚ್ಚುವಾಗ ಆ ಕೈ ಆಗಲೇ ಹೋಗಿತ್ತು.

ಇರಬಹುದು. ಇಲ್ಲದೆಯೂ ಇರಬಹುದು. ಡಾಕ್ಟರನ್ನು ಕೇಳಿದೆ. "ಗಂಟೆ ಹಿಡಿದು ಹೇಳೋಕಾಗಲ್ಲಮ್ಮ" ಎಂದರು.

ಚಂದ್ರು ಮೂರು ದಿನ ಟೀ ತಂದು ಪಕ್ಕದ ಕುರ್ಚಿಯ ಮೇಲಿಟ್ಟು ಹೋಗುತ್ತಿದ್ದ. ನಾಲ್ಕನೇ ದಿನ ಕಾರಿಡಾರಿನಲ್ಲಿ ಟೀ ಲೋಟ ಕೊಡುತ್ತಾ ಬಾಯಿ ಬಿಟ್ಟ. "ನೀವು ಸುಮ್ನಿದ್ದಿದ್ರೆ ಇಂಜೆಕ್ಷನ್ ಆಗೋಗಿರೋದು ಅತ್ತಿಗೆ. ಇಷ್ಟೊತ್ತಿಗೆ ಅಣ್ಣ ಎದ್ದು ಕೂತ್ಕೊಂಡಿರೋನು."

"ಇಲ್ಲಾಂದ್ರೆ ಸತ್ತೋಗಿರೋರು ಚಂದ್ರು."

"ಅದು ನಿಮ್ಗೆಂಗ್ ಗೊತ್ತು?"

ಗೊತ್ತಿರಲಿಲ್ಲ. ದೊಡ್ಡ ಡಾಕ್ಟರ ಮುಂದೆ ಇಬ್ಬರೂ ನಿಂತು ಕೇಳಿದೆವು. ಅವರು ಚಂದ್ರುವಿನ ಮುಖ ನೋಡಿ ಹೇಳಿದರು: "ಇವರ ಎಂ.ಆರ್.ಐ. ನೋಡಿದ್ಮೇಲೆ ನಾನಂತೂ ಆ ಇಂಜೆಕ್ಷನ್ ಕೊಡ್ತಿರಲಿಲ್ಲ. ಇವರು ಹೇಳಿದ್ದು ಒಳ್ಳೇದಾಯ್ತು." ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಬ್ಬರ ಗಾಡಿ ಬೇಕಾದ್ರೆ ಓಡ್ಸಿ ಅಮ್ಮ, ಇನ್ನೊಬ್ಬರ ಎದೆಬಡಿತ ಬೇಡ" ಎಂದರು. ಚಂದ್ರು ತಲೆ ತಗ್ಗಿಸಿ ನಕ್ಕ. ನನಗೆ ನಗು ಬರಲಿಲ್ಲ.

ಐ.ಸಿ.ಯು. ಹೊರಗಿನ ಕುರ್ಚಿಯಲ್ಲಿ ಕೂತು ಆ ಕರಾರನ್ನು ಪೂರ್ತಿ ಓದಿದೆ. ಎರಡು ದಿನ ಹಿಡಿಯಿತು. ಹೆಸರು ನೋಂದಾಯಿಸಿದವರೇ ಬ್ಯಾಂಡ್ ಧರಿಸಬೇಕು ಎಂದಿತ್ತು. ತಪ್ಪಿದರೆ ಹೆಜ್ಜೆಗೆ ಕೊಡುವ ಹೆಚ್ಚುವರಿ ಸೌಲಭ್ಯ ರದ್ದು. ಅಷ್ಟೇ. ಕೆಲಸಗಾರನ ಆಸ್ಪತ್ರೆ ವಿಮೆಗೂ ಬ್ಯಾಂಡಿಗೂ ಸಂಬಂಧವೇ ಇರಲಿಲ್ಲ. ಶಿಫ್ಟಿನ ಮಾತು ಬರೀ ಮಾತು. ಯಾವುದನ್ನು ಉಳಿಸಿಕೊಳ್ಳಲು ಕಾರಿನಲ್ಲಿ ನಾನು ಆ ಹುಕ್ ಹಾಕಿದೆನೋ ಅದು ಅಪಾಯದಲ್ಲಿ ಇರಲೇ ಇಲ್ಲ. ಇನ್ನೂ ಕೆಳಗೆ ಒಂದು ಸಾಲು: ಇದು ವೈದ್ಯಕೀಯ ಸಾಧನವಲ್ಲ, ಇದರ ಲೆಕ್ಕವನ್ನು ನಂಬಿ ಚಿಕಿತ್ಸೆ ನಿರ್ಧರಿಸಬಾರದು. ಅದನ್ನೂ ನಾನು ಒಪ್ಪಿದ್ದೆ, ಎಸರು ಕುದಿಯುವಾಗ.

ಮನೆಗೆ ಬಂದ ಮೇಲೆ ಕಂಪನಿಗೆ ಎಲ್ಲವನ್ನೂ ಬರೆದು ಕಳಿಸಿದೆ. ಆಸ್ಪತ್ರೆಯ ಬಿಲ್ ವಿಮೆಯಲ್ಲಿ ಆಯಿತು. ತಂದೆತಾಯಿಯ ಸೌಲಭ್ಯ ಇಲ್ಲ, ಬ್ಯಾಂಡ್ ವಾಪಸ್ ಕೊಡಿ ಎಂದು ಉತ್ತರ ಬಂತು. ಹನ್ನೊಂದು ತಿಂಗಳ ಲೆಕ್ಕವನ್ನು ಅಳಿಸಿಹಾಕಿ ಎಂದು ಕೇಳಿಕೊಂಡೆ. ಕರಾರಿನ ಪ್ರಕಾರ ಆಗುವುದಿಲ್ಲವಂತೆ. ಹಾಗಾಗಿ ನನ್ನ ಎದೆಬಡಿತ ಅವರ ಹೆಸರಿನಲ್ಲಿ ಎಲ್ಲೋ ಇದೆ. ಡೇರಿಯ ದಿಬ್ಬ ಹತ್ತುವಾಗ ಏರಿದ್ದು, ಇಳಿಯುವಾಗ ಇಳಿದದ್ದು, ಆರೂವರೆಗೆ ಬಾಗಿಲಲ್ಲಿ ನಿಂತಾಗ ಎಷ್ಟಾಗಿತ್ತೋ ಅದೂ.

ಅತ್ತೆಗೆ ಹೇಗೆ ಹೇಳುವುದೆಂದು ಎರಡು ದಿನ ಒದ್ದಾಡಿದೆ. ಕೊನೆಗೆ ಹೇಳಿದಾಗ ಅವರು ಮಂಡಿ ನೀವಿಕೊಳ್ಳುತ್ತಲೇ ಇದ್ದರು. "ಇದು ಇವತ್ತಿನ ನೋವೇನಮ್ಮ? ಇನ್ನೊಂದಷ್ಟ್ ದಿನ ನೋಯ್ಲಿ ಬುಡು. ಆ ಹಾಳ್ ಬಳೇನ ಮೊದ್ಲು ಕೊಟ್ಟು ಬಾ."

ಒಂದು ಭಾನುವಾರ ಅವರ ಜೊತೆಯಲ್ಲಿ ಕೆಲಸ ಮಾಡುವ ನಾರಾಯಣಪ್ಪ ನೋಡಲು ಬಂದಿದ್ದ. ಇವರು ಅವನ ಬರಿಗೈ ನೋಡಿ, ತೊದಲುತ್ತಾ ಕೇಳಿದರು, "ನಿನ್ ಬ್ಯಾಂಡ್ ಎಲ್ಲಪ್ಪಾ?"

"ಮನೇಲೈತೆ ಗುರು. ಮಗ್ಳು ಸ್ಕಿಪ್ಪಿಂಗ್ ಆಡ್ತಾವ್ಳೆ" ಎಂದು ನಕ್ಕ. ನಗು ಅರ್ಧಕ್ಕೇ ನಿಂತಿತು. ಕಾಫಿ ಕುಡಿಯದೆ ಎದ್ದು ಹೋದ.

ಎಡಗಾಲು ಬೇಗ ಸುಧಾರಿಸಿತು, ಕೈ ನಿಧಾನ. ದಿನಾ ಫಿಸಿಯೋಥೆರಪಿ. ಆದರೆ ನನ್ನ ನಿದ್ದೆ ಹಾಳಾಯಿತು. ಮತ್ತೆ ಹಾಗೇನಾದರೂ ಆಗಿದೆಯೇ ಎಂದು ನೋಡಲು ರಾತ್ರಿ ಎರಡು ಮೂರು ಸಲ ಎದ್ದು ಅವರನ್ನು ಎಬ್ಬಿಸುತ್ತಿದ್ದೆ. "ರೀ, ಎರಡೂ ಕೈ ಎತ್ತಿ. ಏನಾದ್ರೂ ಮಾತಾಡಿ." ಪಾಪ, ಎತ್ತುತ್ತಿದ್ದರು. ಎಡಗೈ ಎದೆಯ ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು.

"ಪೊಲೀಸ್ನೋರ್ ಥರ ಹ್ಯಾಂಡ್ಸಪ್ ಅಂತೀಯಲ್ಲೇ, ನಾನೇನ್ ಕಳ್ಳನಾ?"

"ಕಳ್ಳಿ ನಾನು. ಎತ್ತಿ."

ಅವತ್ತು ಬೆಳಿಗ್ಗೆ ಹ್ಞೂಂ ಅಂದಿದ್ರಾ ಎಂದು ಅವರನ್ನೇ ಎಷ್ಟೋ ಸಲ ಕೇಳಿದ್ದೇನೆ. "ನಂಗೇನ್ ಗೊತ್ತು, ನಾನು ಮಲಗಿದ್ದೆ" ಎನ್ನುತ್ತಾರೆ. ಅದಕ್ಕಿಂತ ನಿಜವಾದ ಉತ್ತರ ಸಿಗುವುದಿಲ್ಲವೇನೋ.

ಹೋದ ಸೋಮವಾರ ಹೋಗಿ ಬ್ಯಾಂಡನ್ನು ಅದರ ಡಬ್ಬಿಯಲ್ಲಿಟ್ಟು ಕಂಪನಿಗೆ ಕೊಟ್ಟು ಬಂದೆ. ಸಂಜೆ ಉಂಡು ಮಲಗಿದ್ದಷ್ಟೇ ನೆನಪು.

ಯಾರೋ ನನ್ನ ಮಣಿಕಟ್ಟು ಹಿಡಿದಿದ್ದರು. ಹಿಡಿತ ಅನ್ನುವಂತಿರಲಿಲ್ಲ, ಬೆರಳುಗಳನ್ನು ಮೇಲೆ ಇಟ್ಟ ಹಾಗಿತ್ತು. ಕಣ್ಣು ಬಿಟ್ಟರೆ ಕಿಟಕಿಯಲ್ಲಿ ಬಿಸಿಲು. ಹಸುಗಳು ಕೂಗುತ್ತಿದ್ದವು. ಡೇರಿಯ ಹೊತ್ತು ಯಾವಾಗಲೋ ಮುಗಿದಿತ್ತು. ಅವರು ಮಂಚದ ಅಂಚಿನಲ್ಲಿ ಕೂತಿದ್ದರು. ನನ್ನ ಮೇಲಿದ್ದದ್ದು ಅವರ ಎಡಗೈ.

"ರಾತ್ರಿಯೆಲ್ಲ ಒಂದ್ಸಲಾನೂ ಏಳ್ಲಿಲ್ಲ ನೀನು. ನಾನೂ ಏಳ್ಲಿಲ್ಲ" ಎಂದರು. ಆಮೇಲೆ ನನ್ನ ಮುಖವನ್ನೇ ನೋಡುತ್ತಾ, "ಹ್ಞೂಂ, ಎರಡೂ ಕೈ ಎತ್ತು ನೋಡಣ."

ಎತ್ತಿದೆ. ಗಂಟೆ ಎಷ್ಟಾಗಿತ್ತೋ ನೋಡಲಿಲ್ಲ.