ಅಕ್ಕನ ಕೈಯ ಹಸಿರು ಕಾಯಿ

ಅಕ್ಕ ಗಿಡದ ಕಡೆ ನೋಡದೆಯೇ ಕಾಫಿ ಕುಯ್ಯುತ್ತಿದ್ದಳು. ಬಾಯಿ ಪಕ್ಕದ ಸಾಲಿನವರ ಜೊತೆ ಹರಟುತ್ತಿದ್ದರೆ, ಬೆರಳುಗಳು ಗೊಂಚಲನ್ನು ತಡವಿ ಹಣ್ಣನ್ನಷ್ಟೇ ಬಿಡಿಸಿಕೊಳ್ಳುತ್ತಿದ್ದವು. ಸಂಜೆ ತೋಟದ ಲೆಕ್ಕ ಬರೆಯುವ ರೈಟರ್ ಅಳೆಯಲು ಬರುವ ಮೊದಲು ಎಲ್ಲರೂ ತಮ್ಮ ರಾಶಿಯಿಂದ ಹಸಿರು ಕಾಯಿ ಆರಿಸಿ ತೆಗೆಯಬೇಕು. ಅಕ್ಕನ ರಾಶಿಯಲ್ಲಿ ಆರಿಸಲು ಏನೂ ಇರುತ್ತಿರಲಿಲ್ಲ. ಅವಳು ಕಾಲು ಚಾಚಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಅಪ್ಪಿತಪ್ಪಿ ಒಂದು ಹಸಿರು ಕಾಯಿ ಕೈಗೆ ಬಂದರೆ, "ಅಯ್ಯೋ, ಇದಿನ್ನೂ ಹಾಲು ಕುಡಿಯೋ ಕೂಸು ಮಾರಾಯ್ತಿ!" ಎಂದು ಯಾರಿಗೂ ಕಾಣದಂತೆ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು.

ನಾವು ಬೆಳೆದದ್ದು ಪಾಲಿಬೆಟ್ಟದ ಹತ್ತಿರದ ಒಂದು ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ್ದು ಈ ಜಯಕ್ಕನೇ. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ತೋಟದಲ್ಲೇ ಗುಂಡಿ ತೆಗೆಯುತ್ತಿದ್ದೆ. ಸಾಹುಕಾರರು ಬಂಗಲೆಯನ್ನು ಹೋಂಸ್ಟೇ ಮಾಡಿದಾಗ ಜೀಪು ಓಡಿಸಿ ಗೆಸ್ಟುಗಳಿಗೆ ತೋಟ ತೋರಿಸುವ ಕೆಲಸ ಸಿಕ್ಕಿತು. ಇಸ್ತ್ರಿ ಅಂಗಿ, ಕಾಲಿಗೆ ಶೂ.

ಒಂದು ದಿನ ನಾನು ಅಕ್ಕನ ಮನೆಗೆ ಊಟಕ್ಕೆ ಹೋದಾಗ ಅವಳ ಮಗಳು ಸುಮಾ ಒಲೆಯ ಪಕ್ಕ ಕೂತು ಹೈಸ್ಕೂಲಿನ ಪಾಠ ಓದುತ್ತಿದ್ದಳು. ಪುಸ್ತಕದಲ್ಲಿ ಎರಡು ವೃತ್ತಗಳು, ಒಂದೊಂದರಲ್ಲೂ ಮೂರು ಭಾಗ. ದೇಶದ ಆದಾಯದಲ್ಲಿ ಬೇಸಾಯದ್ದು, ಕಾರ್ಖಾನೆಯದ್ದು, ಸೇವೆಯದ್ದು ಹಿಂದೆ ಎಷ್ಟಿತ್ತು, ಈಗ ಎಷ್ಟಿದೆ ಎಂಬ ಚಿತ್ರ. ಅಕ್ಕ ಕಾವಲಿಯಿಂದ ಅಕ್ಕಿ ರೊಟ್ಟಿ ತೆಗೆದು ಅದರಂತೆಯೇ ಮೂರು ತುಂಡಾಗಿ ಮುರಿದಳು.

"ಹಿಂದೆ ನಮ್ಮ ಬೇಸಾಯದ ತುಂಡೇ ದೊಡ್ಡದಿತ್ತಾ?"

"ಹೂಂ ಅಮ್ಮ. ಈಗ ಸಣ್ಣ. ಆದ್ರೆ ರೊಟ್ಟಿನೇ ದೊಡ್ಡದಾಗಿದೆ ಅಂದ್ರು ಟೀಚರ್."

"ಆಗ್ಲಿ ಬಿಡು. ಈ ಸಣ್ಣ ತುಂಡಿನ ಮುಂದೆ ಕೈ ತೊಳ್ದು ಕೂತವ್ರೇ ಜಾಸ್ತಿ ಉಂಟಲ್ಲ, ಅದನ್ನ ಬರೀಲಿಲ್ವಾ?"

ಸುಮಾ ಹಾಳೆ ತಿರುವಿ ನಕ್ಕಳು. "ಬರ್ದಿದ್ದಾರೆ. ಮುಂದಿನ ಪುಟದಲ್ಲಿ."

"ನಿನ್ನ ಮಾವ ಯಾವ ತುಂಡು?"

"ಸೇವೆ. ಎಲ್ಲಕ್ಕಿಂತ ದೊಡ್ಡದು."

"ಹಾಗಾದ್ರೆ ತಗೊಳ್ಳಪ್ಪ ದೊರೆ, ನಿನ್ನ ಪಾಲು!" ಎಂದು ಅಕ್ಕ ದೊಡ್ಡ ತುಂಡನ್ನು ನನ್ನ ತಟ್ಟೆಗೆ ಹಾಕಿದಳು. ಆಮೇಲೆ ಯಾವಾಗ ಹೋದರೂ ನನಗೆ ದೊಡ್ಡ ತುಂಡೇ.

ಈಗ ನನ್ನ ತಪ್ಪು ಹೇಳಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ಬಂದ ಗೆಸ್ಟುಗಳು ಕಾಫಿ ಕುಯ್ಯುವ ಪಿಕ್ಕಿಂಗ್ ನೋಡಬೇಕೆಂದರು. ಗಿಡದಲ್ಲಿ ಇದ್ದದ್ದೆಲ್ಲ ಹಸಿರು. ಸುಮ್ಮನೆ ತೋರಿಸಿದರಾಯಿತು ಎಂದು ಅಕ್ಕನನ್ನು ಕರೆಸಿದೆ. ತಮ್ಮ ಕರೆದ ಎಂದು ಅವಳು ಹೊಸ ಸೀರೆ ಉಟ್ಟು ಬಂದಳು. ಕೀಳು ಎಂದಾಗ ಮಾತ್ರ ಕೈ ಹಿಂದಕ್ಕೆ ಎಳೆದುಕೊಂಡು, "ಬೇಡ ಕಣೋ, ಇನ್ನೂ ಕಾಯಿ" ಎಂದಳು.

ಗೆಸ್ಟ್ ಒಬ್ಬರು ಫೋನ್ ಹಿಡಿದು ನಿಂತಿದ್ದರು. "ಇವರು ನಿಮಗೆ ಏನಾಗಬೇಕು? ಫೋಟೋ ನಿಮ್ಮ ನಂಬರಿಗೆ ಕಳಿಸಲಾ?" ಎಂದು ಕೇಳಿದರು.

ಮಣ್ಣು ಮೆತ್ತಿದ ಅವಳ ಕಾಲು ಕಂಡಿತು, ನನ್ನ ಶೂ ಕಂಡಿತು. "ಏನೂ ಇಲ್ಲ ಸಾರ್, ತೋಟದ ಕೆಲಸದವಳು. ಅವಳಿಗೆ ಫೋಟೋ ಯಾಕೆ?" ಎಂದುಬಿಟ್ಟೆ.

ಅಕ್ಕ ನನ್ನ ಮುಖ ನೋಡಿದಳು. "ಆಯ್ತು ಸಾರ್" ಎಂದಳು, ನನಗೆ. ಹಿಡಿ ತುಂಬ ಹಸಿರು ಕಾಯಿ ಕಿತ್ತು, ಫೋನಿನ ಕಡೆ ತಿರುಗಿ ನಕ್ಕಳು.

ಅಂದು ಸಂಜೆ ಅವಳ ಮನೆಗೆ ಹೋದೆ. ಕ್ಷಮಿಸು ಎನ್ನಬೇಕೆಂದೇ ಹೋದದ್ದು. ರೊಟ್ಟಿಯ ದೊಡ್ಡ ತುಂಡು ನನ್ನ ತಟ್ಟೆಗೆ ಬಿತ್ತು. "ತಿನ್ನು. ಕೆಲಸ ಅಂದ್ಮೇಲೆ ಎಂತೆಂತದೋ ಹೇಳ್ಬೇಕಾಗ್ತದೆ" ಎಂದಳು. ನಾನು ಅದನ್ನು ಸುಮಾಳ ತಟ್ಟೆಗೆ ಹಾಕಿ ಎದ್ದೆ.

ಆ ಸಲದ ಕಾಯಿ ಕೆಂಪಾಗುವ ಮೊದಲೇ ಅಕ್ಕ ಜ್ವರದಲ್ಲಿ ತೀರಿಕೊಂಡಳು. ತಿಥಿಗೆ ಇಡಲು ಫೋಟೋ ಹುಡುಕುತ್ತಿದ್ದ ಸುಮಾ, "ಮಾವ, ಆವತ್ತು ಗೆಸ್ಟ್ ತೆಗೆದಿದ್ರಲ್ಲ, ಅಮ್ಮ ಹೊಸ ಸೀರೆ ಉಟ್ಟಿದ್ದು? ಅದನ್ನ ತರಿಸು" ಎಂದಳು.

ಬಂಗಲೆಯ ಪುಸ್ತಕದಲ್ಲಿ ಹುಡುಕಿದರೂ ಸಿಗಲಿಲ್ಲ. ಅವರ ನಂಬರ್ ನನ್ನಲ್ಲಿಲ್ಲ ಎಂದೆ. ಯಾಕಿಲ್ಲ ಎಂಬುದನ್ನು ಹೇಳಲಿಲ್ಲ.

ಸಿದ್ದಾಪುರದ ಸ್ಟುಡಿಯೋದಲ್ಲಿ ಆಧಾರ್ ಕಾರ್ಡಿನ ಮುಖವನ್ನೇ ದೊಡ್ಡದು ಮಾಡಿಸಿದೆವು. ಅದರಲ್ಲಿ ಕಣ್ಣು ಮೂಗು ಸರಿಯಾಗಿ ಕಾಣುವುದಿಲ್ಲ. ನಮ್ಮ ಅಕ್ಕ ನಗುತ್ತಿರುವುದು ಯಾವ ಊರಿನವರದೋ ಫೋನಿನಲ್ಲಿ, ಕೈತುಂಬ ಹಸಿರು ಕಾಯಿ ಹಿಡಿದುಕೊಂಡು. ಅವಳು ಯಾರೆಂದು ಅವರಿಗೆ ಗೊತ್ತಿಲ್ಲ.